ಗುಡುಸಾಬರ ನೂರಾ ಮೂವತ್ತು ಡಬ್ಬಿ

ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಮುಂಬಯಿಯ ರೇ ರೋಡ್ ಸ್ಟೇಷನ್ನಿನಿಂದ ಸಮುದ್ರದ ಕಡೆಗೆ ನಡೆದರೆ ಸಿಗುವ ದಾರೂಖಾನಾದ ಗುಜರಿ ಗೋದಾಮುಗಳ ಸಾಲಿನಲ್ಲಿ ಒಂದರ ಬಾಗಿಲು ಮಾತ್ರ ತೆರೆದಿದೆ. ಒಳಗೆ ಗೋಣಿಚೀಲದ ಮೇಲೆ ಕುಕ್ಕರಗಾಲಿನಲ್ಲಿ ಕೂತ ಗುಡುಸಾಬ ಕಬ್ಬಿಣದ ತುಂಡುಗಳ ರಾಶಿಗೆ ಕೈ ಹಾಕುತ್ತಾರೆ. ಕೆಲವು ಬೆರಳುದ್ದ, ಕೆಲವು ಗೇಣುದ್ದ. ಗಿಡ್ಡವು ಎಡಗಡೆಯ ಸೀಮೆಎಣ್ಣೆ ಡಬ್ಬಿಗೆ, ಉದ್ದವು ಬಲಗಡೆಯ ಡಬ್ಬಿಗೆ. ಕಣ್ಣು ನನ್ನ ಮೇಲಿದೆ, ಕೈ ತನ್ನಷ್ಟಕ್ಕೆ ತಾನು ಆರಿಸುತ್ತಿದೆ.

"ಈ ವಾರ ಉದ್ದನ್ನ ತುಂಡು ಭಾಳ ಬಂದಾವ್ರಿ. ಒಳಗ ಅವಸರ ಮಾಡಾಕತ್ತಾರ," ಎನ್ನುತ್ತಾರೆ.

'ಒಳಗ' ಅಂದರೆ ಯುದ್ಧನೌಕೆ ಕಟ್ಟುವ ಡಾಕ್. ಅದರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನನಗೇನೂ ಆಗದು, ಆಗುವುದೆಲ್ಲ ಇವರಿಗೆ. ಆ ಡಾಕಿನ ಗೇಟಿನೊಳಗೆ ಗುಡುಸಾಬ ಹತ್ತು ವರ್ಷ ದುಡಿದಿದ್ದಾರೆ. ಈಗ ಐದು ವರ್ಷದಿಂದ ಗೇಟಿನ ಹೊರಗಿದ್ದಾರೆ. ಒಳಗಿನ ಕಸ ಲಾರಿಯಲ್ಲಿ ಈ ಗೋದಾಮಿಗೆ ಬರುತ್ತದೆ, ಗೋದಾಮಿನವನು ಆ ಕಸವನ್ನು ಇವರ ಮುಂದೆ ಸುರಿಯುತ್ತಾನೆ. ಎಲೆಮರೆಯ ಕಾಯಿಗಳ ಬಗ್ಗೆ ಬರೆಯಿರಿ ಎಂದು ಸಂಪಾದಕರು ಹೇಳಿದ್ದಾರೆ. ಗುಡುಸಾಬ ಎಲೆಮರೆಗೆ ತಾವಾಗಿ ಸರಿದವರಲ್ಲ. ಅವರನ್ನು ಅಲ್ಲಿಗೆ ನೂಕಿದ್ದಾರೆ, ಮತ್ತು ನೂಕಿದವರು ಇವತ್ತಿಗೂ ಆರಾಮವಾಗಿದ್ದಾರೆ.

ಈ ತುಂಡುಗಳ ಸಂಗತಿ ಸರಳ. ಹಡಗಿನ ಉಕ್ಕಿನ ಹಲಗೆಗಳನ್ನು ಒಂದಕ್ಕೊಂದು ಬೆಸೆಯಲು ವೆಲ್ಡಿಂಗ್ ಕಡ್ಡಿ ಬೇಕು. ಕಡ್ಡಿ ಉರಿದು ಉರಿದು ಕೊನೆಗೆ ಎರಡಿಂಚು ಉಳಿಯುತ್ತದೆ. ವೆಲ್ಡರ್ ಆ ತುಂಡುಗಳನ್ನು ಸ್ಟೋರಿನ ಕಿಟಕಿಗೆ ತಂದುಕೊಟ್ಟರೆ ಮಾತ್ರ ಅಷ್ಟೇ ಹೊಸ ಕಡ್ಡಿ ಸಿಗುತ್ತದೆ. ಒಳಗಿದ್ದಾಗ ಗುಡುಸಾಬ ಆ ಕಿಟಕಿಯ ಮನುಷ್ಯ. ತುಂಡು ಇಸಿದುಕೊಳ್ಳುವುದು, ಕಡ್ಡಿ ಕೊಡುವುದು, ತುಂಡನ್ನು ಡಬ್ಬಿಗೆ ಹಾಕುವುದು ಅವರ ಕೆಲಸ. ಓದು ಕನ್ನಡ ಮೂರನೇ ಇಯತ್ತೆ. ಹಡಗಿನ ನಕ್ಷೆಯನ್ನು ಅವರು ಒಮ್ಮೆಯೂ ಕಂಡಿಲ್ಲ.

ಆದರೆ ಮೊದಲ ದೊಡ್ಡ ನೌಕೆಯ ಒಡಲು ಕೂಡಿ ನೀರಿಗಿಳಿಯುವ ಹೊತ್ತಿಗೆ ಅವರ ಕಿಟಕಿಯಲ್ಲಿ ನೂರಾ ಮೂವತ್ತು ಡಬ್ಬಿ ತುಂಬಿತ್ತು. ಅದನ್ನು ಅವರು ತಲೆಯಲ್ಲಿ ಇಟ್ಟುಕೊಂಡರು. ಉದ್ದನ್ನ ತುಂಡನ್ನು ಅರ್ಧವೆಂದು ಹಿಡಿಯುತ್ತಾರೆ, ಯಾಕೆಂದರೆ ಅದು ಪೂರ್ತಿ ಕೆಲಸ ಮಾಡಿಲ್ಲ. ಬೇಗ ಮುಗಿಸುವ ಭರದಲ್ಲಿ ವೆಲ್ಡರ್ ಅರ್ಧಕ್ಕೇ ಎಸೆದಿದ್ದಾನೆ. ತುಂಡು ದಪ್ಪಗಿದ್ದರೆ ಹಲಗೆ ದಪ್ಪ, ಅಂದರೆ ಹಡಗು ದೊಡ್ಡದು. ಎಷ್ಟು ದೊಡ್ಡ ಹಡಗು, ಎಷ್ಟು ಕೆಲಸ ಮುಗಿದಿದೆ, ಇನ್ನೆಷ್ಟು ಬಾಕಿ ಎಂಬ ಮೂರೂ ಪ್ರಶ್ನೆಗೆ ಉತ್ತರ ಅವರ ಡಬ್ಬಿಯಲ್ಲಿದೆ. ಯೋಜನಾ ವಿಭಾಗದಲ್ಲಿ ಕೂತ ಹನ್ನೆರಡು ಮಂದಿ ಇದೇ ಪ್ರಶ್ನೆಗಳಿಗೆ ಮೀಟಿಂಗಿನ ಮೇಲೆ ಮೀಟಿಂಗು ಮಾಡುತ್ತಾರೆ.

ಈ ವಿದ್ಯೆ ಅವರಿಗೆ ಬಂದದ್ದು ಹತ್ತಿಯಿಂದ ಕಾಳು ಬಿಡಿಸುವ ಬಿಜಾಪುರದ ಜಿನ್ನಿಂಗ್ ಫ್ಯಾಕ್ಟರಿಯಿಂದ. ತಂದೆ ಅಲ್ಲಿ ಹತ್ತಿಕಾಳು ತುಂಬುವ ಆಳು. "ಅರಳಿ ಕಡೆ ಎಲ್ಲಾರೂ ನೋಡ್ತಾರ್ರಿ. ನಮ್ಮಪ್ಪ ಕಾಳಿನ ರಾಶಿ ನೋಡಿ, ಇವತ್ತ ಇಷ್ಟ ಅಂಡಿಗಿ ಅರಳಿ ಬಂದೈತಿ ಅಂತ ಹೇಳಾಂವ. ತಪ್ಪತಿದ್ದಿಲ್ಲ. ಉಳದದ್ದು ನೋಡಿದ್ರ ಹೋದದ್ದು ಗೊತ್ತಾಗ್ತೈತ್ರಿ," ಎನ್ನುತ್ತಾರೆ ಮಗ. ಆ ಫ್ಯಾಕ್ಟರಿಯಲ್ಲಿ ಇನ್ನೊಂದು ರೂಢಿಯಿತ್ತು. ಹಂಗಾಮಿನಲ್ಲಿ ಒಟ್ಟು ಎಷ್ಟು ಅಂಡಿಗೆ, ಅಂದರೆ ಅರಳೆಯ ಮೂಟೆ, ಆಗಬಹುದೆಂದು ಆಳುಗಳು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು, ಲೆಕ್ಕ ತಪ್ಪಿದವನು ಎಲ್ಲರಿಗೂ ಚಹಾ ಕುಡಿಸುವುದು. ಮಾಲೀಕನೂ ಬಂದು ಓದಿ ನಗುತ್ತಿದ್ದನಂತೆ.

ಗುಡುಸಾಬರು ಮಾಡಿದ ತಪ್ಪು ಇದೊಂದೇ. ಹತ್ತಿ ಫ್ಯಾಕ್ಟರಿಯ ರೂಢಿಯನ್ನು ಅವರು ಯುದ್ಧನೌಕೆಯ ಡಾಕಿಗೆ ತಂದರು.

೧೯೭೨ರ ಜನವರಿ. ಯುದ್ಧ ಮುಗಿದು ತಿಂಗಳಾಗಿಲ್ಲ. ಮೊದಲನೆಯದರಷ್ಟೇ ದೊಡ್ಡದಾದ ಎರಡನೇ ನೌಕೆ ಮೇ ತಿಂಗಳಲ್ಲಿ ನೀರಿಗಿಳಿಯುವುದೆಂದು ಒಳಗೆ ದೊಡ್ಡ ಬೋರ್ಡು ಹಾಕಿದ್ದಾರೆ. ಕಿಟಕಿಯಲ್ಲಿ ತುಂಬಿದ್ದು ಐವತ್ತೆರಡು ಡಬ್ಬಿ. ಬೇಕಾದದ್ದು ಇನ್ನೂ ಎಪ್ಪತ್ತೆಂಟು. ವಾರಕ್ಕೆ ಬರುತ್ತಿರುವುದು ಒಂದೂವರೆ. ಗುಡುಸಾಬ ಸೀಮೆಸುಣ್ಣ ತೆಗೆದುಕೊಂಡು ಸ್ಟೋರಿನ ಬಾಗಿಲ ಮೇಲೆ 'ಬರುವ ವರ್ಷ ಜನವರಿ' ಎಂದು ಬರೆದರು. ಪಕ್ಕದಲ್ಲಿ ಅವರ ಗೆಳೆಯ, ಸುರಪುರ ಕಡೆಯ ವೆಲ್ಡರ್ ಭೀಮರಾಯ, 'ಮಾರ್ಚ್' ಎಂದು ಬರೆದರು. ಚಹಾದ ಪಂದ್ಯ ಶುರುವಾಯಿತು.

ಫೆಬ್ರುವರಿಯಲ್ಲಿ ಗುಡುಸಾಬರಿಗೆ ಕರೆ ಬಂತು. ಮೇಜಿನಾಚೆ ಮೂವರು ಕೂತಿದ್ದರು.

"ಈ ತಾರೀಖು ನಿನಗ ಯಾರು ಕೊಟ್ರು ಅಂತ ಕೇಳಿದ್ರು. ಡಬ್ಬಿ ಕೊಟ್ಟಾವ್ರಿ ಅಂದೆ. ಯಾರ ಸಲುವಾಗಿ ಬರದಿ ಅಂದ್ರು. ಚಾದ ಸಲುವಾಗ್ರಿ ಅಂದೆ. ನಿಮ್ಮವರು ಕರಾಚಿಯೊಳಗ ಯಾರದಾರ ಅಂದ್ರು. ನಮ್ಮವರಾಗ ಸೊಲ್ಲಾಪುರ ದಾಟಿದಾಂವ ನಾನೊಬ್ಬನ ರೀ ಸಾಬ್ ಅಂದೆ. ಅವರು ನಗಲಿಲ್ಲ."

ಸಂಜೆ ಗೇಟಿನಲ್ಲಿ ಪಾಸ್ ತೆಗೆದುಕೊಂಡರು. ತಾತ್ಕಾಲಿಕವಾಗಿ, ವಿಚಾರಣೆ ಮುಗಿಯುವ ತನಕ ಎಂದರು. ಪಾಸ್ ಇಲ್ಲದೆ ಗೇಟಿಲ್ಲ, ಗೇಟಿಲ್ಲದೆ ಕೆಲಸವಿಲ್ಲ. ಆ ತಾತ್ಕಾಲಿಕಕ್ಕೆ ಈಗ ಐದು ವರ್ಷ ದಾಟಿದೆ.

ಭೀಮರಾಯ ಈಗಲೂ ಒಳಗೇ ಕೆಲಸ ಮಾಡುತ್ತಾರೆ. ಪಾಳಿ ಮುಗಿಸಿ ಗೋದಾಮಿಗೆ ಬಂದವರನ್ನು ಮಾತಾಡಿಸಿದೆ. "ನಾನೂ ಬರದೀನಿ, ನನ್ನೂ ಕರೀರಿ ಅಂತ ನಾನೇ ಹೋಗಿ ಹೇಳ್ದೆ ರೀ. ಹೋಗಪಾ, ನಿಂದೇನದ, ಚ್ಯಾಷ್ಟಿ ಅಂದ್ರು. ಒಂದೇ ಬಾಗಲಾ, ಒಂದೇ ಸುಣ್ಣ. ನಂದು ಚ್ಯಾಷ್ಟಿ, ಅವರದು ಬೇಹುಗಾರಿಕಿ."

ಇದಕ್ಕೆ ನಾನು ಸೇರಿಸುವುದು ಏನೂ ಇಲ್ಲ. ಹೆಸರು ನೋಡಿ ಲೆಕ್ಕ ಹಾಕುವವರು ಹಡಗಿನ ಲೆಕ್ಕ ತಪ್ಪಿದ್ದರಲ್ಲಿ ನನಗೆ ಆಶ್ಚರ್ಯವೂ ಇಲ್ಲ. ಆ ನೌಕೆ ಮೇ ತಿಂಗಳಲ್ಲಿ ಇಳಿಯಲಿಲ್ಲ. ದೀಪಾವಳಿಗೂ ಇಳಿಯಲಿಲ್ಲ. ಇಳಿದದ್ದು ಮರುವರ್ಷ ಜನವರಿಯ ಕೊನೆಯ ವಾರ. ಅಂದು ಗುಡುಸಾಬ ಇದೇ ಗೋದಾಮಿನಲ್ಲಿ ಕೂತು ಸೈರನ್ ಕೇಳಿದರು. ಲೆಕ್ಕ ಸರಿಯಾಗಿತ್ತು ಎಂದು ಹೇಳಲು ಯಾರೂ ಬರಲಿಲ್ಲ. ಸರಿಯಾದದ್ದೇ ಅವರ ಮೇಲಿನ ಸಂಶಯವನ್ನು ಇನ್ನಷ್ಟು ಗಟ್ಟಿ ಮಾಡಿತು ಎಂದು ಆಮೇಲೆ ಭೀಮರಾಯರಿಂದ ತಿಳಿಯಿತು.

ಮನೆ ಚೆಂಬೂರಿನಲ್ಲಿ, ರಿಫೈನರಿಯ ಹೊಗೆ ನೇರವಾಗಿ ಬರುವ ಒಂದು ಚಾಳಿನ ಕೋಣೆ. ಹೆಂಡತಿ ಅಕ್ಬರಬಿ ನಸುಕಿಗೇ ಎದ್ದು ರೊಟ್ಟಿ ಬಡಿಯುತ್ತಾರೆ. ಐದರ ಲೋಕಲ್ ತಪ್ಪಿದರೆ ಗುಡುಸಾಬರಿಗೆ ದಿನವೇ ತಪ್ಪಿದಂತೆ. ಕಬ್ಬಿಣದ ಅಂಚು ತಾಗಿ ಅವರ ಬೆರಳ ತುದಿಗಳು ಸೀಳಿವೆ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುವುದೂ ಅಕ್ಬರಬಿಯೇ. "ಬ್ಯಾರೆ ಕೆಲಸ ನೋಡ್ರಿ ಅಂದ್ರ ಕೇಳಂಗಿಲ್ಲ. ಆ ತುಂಡಿನ ಹಿಂದ ಬಿದ್ದಾರ. ಒಳಗ ಕುಂತು ಎಣಿಸಿದ್ರ ಗುಟ್ಟು ಕದಿಯೂ ಕಳ್ಳ ಅಂದ್ರು, ಹೊರಗ ಕುಂತು ಎಣಿಸಿದ್ರ ಹುಚ್ಚ ಅಂತಾರ. ಕಳ್ಳ ಅನ್ನೂದಕಿಂತ ಇದು ಚಲೋ ಬಿಡ್ರಿ," ಎನ್ನುತ್ತಾರೆ. ಪ್ರತಿ ವರ್ಷ ಮಗಳು ಗುಲಶನ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡುತ್ತಾಳೆ. ಈವರೆಗೆ ಆರು ಅರ್ಜಿಗಳಾಗಿವೆ. ಬಂದ ಉತ್ತರ ಒಂದೇ: ಪರಿಶೀಲನೆಯಲ್ಲಿದೆ.

ಗುಡುಸಾಬರಿಗೆ ಈಗ ಐವತ್ನಾಲ್ಕು. ಐವತ್ತೆಂಟು ತುಂಬಿದರೆ ಪಾಸ್ ಕೊಟ್ಟರೂ ಉಪಯೋಗವಿಲ್ಲ. ಇನ್ನು ನಾಲ್ಕು ವರ್ಷದೊಳಗೆ ಆ ಕಿಟಕಿಗೆ ಮರಳಬೇಕು, ಕಳ್ಳನಲ್ಲ ಎಂಬುದು ಕಾಗದದ ಮೇಲೆ ಬರಬೇಕು. ಅವರಿಗೆ ಬೇಕಾದದ್ದು ಅಷ್ಟೇ. ಸನ್ಮಾನ, ಶಾಲು ಎಂದು ನಾನು ಬಾಯಿ ತೆರೆದಾಗ ಕೈಯೆತ್ತಿ ತಡೆದರು.

ಹೋದ ಆಗಸ್ಟಿನಲ್ಲಿ ಒಂದು ಘಟನೆ ನಡೆಯಿತು. ಜೋರು ಮಳೆಯಲ್ಲಿ ಕೊಡೆ ಹಿಡಿದು ಒಬ್ಬ ಅಧಿಕಾರಿ ಗೋದಾಮಿಗೆ ಬಂದರು. ಐದು ವರ್ಷದ ಹಿಂದೆ ಮೇಜಿನಾಚೆ ಕೂತ ಮೂವರಲ್ಲಿ ಇವರೂ ಒಬ್ಬರು, ಈಗ ಯೋಜನಾ ವಿಭಾಗದ ದೊಡ್ಡ ಸಾಹೇಬರು. ಕೂರಲಿಲ್ಲ. ಈಗ ಕಟ್ಟುತ್ತಿರುವ ನೌಕೆಗೆ ದೆಹಲಿಗೆ ಒಂದು ತಾರೀಖು ಕೊಡಬೇಕಾಗಿದೆ, ನಿಮ್ಮ ಲೆಕ್ಕ ಏನು ಹೇಳುತ್ತದೆ ಎಂದು ಕೇಳಿದರು.

ಗುಡುಸಾಬ ಮೂರು ದಿನ ತೆಗೆದುಕೊಂಡರು. ಗೋದಾಮಿಗೆ ಬಂದ ಎಲ್ಲ ತುಂಡನ್ನೂ ಮತ್ತೊಮ್ಮೆ ಆರಿಸಿದರು. ನಾಲ್ಕನೆಯ ದಿನ ಸಾಹೇಬರು ಬಂದಾಗ ತಾರೀಖು ಹೇಳಿದರು. ದಪ್ಪ ತುಂಡುಗಳಲ್ಲಿ ಉದ್ದನ್ನವು ಜಾಸ್ತಿ ಬರುತ್ತಿವೆ, ಅಂದರೆ ದಪ್ಪ ಹಲಗೆಯ ಕಡೆ ಬೆಸುಗೆ ಅವಸರದಲ್ಲಿ ನಡೆದಿದೆ, ಅದನ್ನು ಇನ್ನೊಮ್ಮೆ ನೋಡಿಸಿ ಎಂದೂ ಹೇಳಿದರು. ಸಾಹೇಬರು ಕಿಸೆಯ ಡೈರಿಯಲ್ಲಿ ಬರೆದುಕೊಂಡರು. ಪಾಸಿನ ಮಾತೆತ್ತಿದ್ದಕ್ಕೆ 'ನೋಡೋಣ' ಎಂದರು. ಹೋಗುವಾಗ ತಿರುಗಿ, ಈ ವಿಷಯ ಯಾರ ಹತ್ತಿರವೂ ಆಡಬೇಡ ಎಂದು ಎಚ್ಚರಿಸಿದರು. ಈಗ ನವೆಂಬರ್. ಮತ್ತೆ ಅವರ ಸುಳಿವಿಲ್ಲ.

ಇದನ್ನು ಕೇಳುವಾಗ ನನಗೆ ಮೈ ಉರಿದುಹೋಯಿತು. ಹೇಳಿದ್ದು ಯಾಕೆ, ಮೊದಲು ಪಾಸ್ ಕೊಡಿ ಅನ್ನಬಾರದಿತ್ತೇ ಎಂದು ಸಿಟ್ಟಿನಲ್ಲೇ ಕೇಳಿದೆ.

"ಆ ಹಡಗಿನಾಗ ಮುನ್ನೂರು ಹುಡುಗ್ರು ಹೋಗ್ತಾರ್ರಿ," ಎಂದರು ಗುಡುಸಾಬ. "ಅವರೇನು ನನ್ನ ಪಾಸ್ ಕಸಗೊಂಡಿಲ್ಲ."

ಹೊರಗೆ ಬಿಸಿಲು ಏರಿದೆ. ಕಸದ ಲಾರಿ ಬಂದು ನಿಂತಿದೆ. ಏಳುವ ಮೊದಲು, ಬರೆಯುವುದಿಲ್ಲ ಎಂದು ಮಾತು ಕೊಟ್ಟು, ಈ ಸಲದ ಹಡಗು ಎಷ್ಟು ದೊಡ್ಡದು, ಯಾವಾಗ ನೀರಿಗಿಳಿಯುತ್ತದೆ ಎಂದು ಕೇಳುತ್ತೇನೆ. ಗುಡುಸಾಬ ಎರಡೂ ಡಬ್ಬಿಗಳನ್ನು ತಮ್ಮ ಹಿಂದಕ್ಕೆ ಸರಿಸಿಕೊಳ್ಳುತ್ತಾರೆ.

"ಅದೊಂದು ಕೇಳಬ್ಯಾಡ್ರಿ, ಸಾಹೇಬ್ರ. ಸರಕಾರದ ಗುಟ್ಟದು. ನಾ ಯಾರಿಗೂ ಹೇಳಂಗಿಲ್ಲ."