ಕೆಂಪಾದ ಕೇಸರಿ ಪಟ್ಟಿ

1963ರ ಜನವರಿ 26, ಶನಿವಾರ. ಬೆಳಿಗ್ಗೆ ಸುಮಾರು ಒಂಬತ್ತೂವರೆ ಗಂಟೆಗೆ ನಾನು ಯಡಿಯೂರಿನ ಮುನಿಶಾಮಪ್ಪನವರ ಮನೆಯ ನಡುಮನೆಯಲ್ಲಿ, ಹೊಸ್ತಿಲು ದಾಟಿದ ಕೂಡಲೇ ಎಡಕ್ಕೆ ಸಿಗುವ ಕಂಬದ ಪಕ್ಕದಲ್ಲಿ ನಿಂತಿದ್ದೆ. ಎದುರಿನ ಗೋಡೆ ಪೂರ್ತಿಯಾಗಿ ಕಾಣುತ್ತಿತ್ತು. ಬಾಗಿಲಿನಿಂದ ಬಂದ ಬಿಸಿಲು ನೇರವಾಗಿ ಅದರ ಮೇಲೆ ಬಿದ್ದಿತ್ತು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಆ ಗೋಡೆಯಿಂದ ರಕ್ತ ಸುರಿಯಿತೆಂದು ಆಮೇಲೆ ಹೇಳಿಕೊಂಡು ತಿರುಗಿದವರಲ್ಲಿ ಹೆಚ್ಚಿನವರು ಅಲ್ಲಿ ಇರಲಿಲ್ಲ. ನಾನಿದ್ದೆ. ಕಂಡಷ್ಟನ್ನು ಮಾತ್ರ ಬರೆಯುತ್ತೇನೆ.

ಆಗ ನಾನು ಬೆಂಗಳೂರಿನ ಜಯನಗರದ ಒಂದು ಮಹಿಳಾ ಸಮಾಜದಲ್ಲಿ ಕ್ರಾಫ್ಟ್ ಇನ್‌ಸ್ಟ್ರಕ್ಟರ್ ಆಗಿದ್ದೆ. ಅಲ್ಲಿ ಗಂಡಸು ನಾನೊಬ್ಬನೇ. ಮದುವೆಯಾಗಿರಲಿಲ್ಲ. ತಾಯಿಯ ಜೊತೆ ಹತ್ತಿರದಲ್ಲೇ ಒಂದು ಬಾಡಿಗೆ ಮನೆಯಲ್ಲಿದ್ದೆ. ಬಡಾವಣೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದ ಕಾಲ ಅದು. ತರಗತಿಗೆ ಜಯನಗರದ ನೌಕರರ ಮನೆಗಳ ಹೆಂಗಸರೂ ಪಕ್ಕದ ಯಡಿಯೂರಿನ ಒಕ್ಕಲು ಮನೆಗಳ ಹೆಂಗಸರೂ ಬರುತ್ತಿದ್ದರು. ಮೊದಮೊದಲು ಬೇರೆ ಬೇರೆ ಚಾಪೆಯ ಮೇಲೆ ಕೂರುತ್ತಿದ್ದವರು, ಅಂಟಿನ ಬಟ್ಟಲು ಒಂದೇ ಇದ್ದುದರಿಂದ ಕ್ರಮೇಣ ಒಂದೇ ಚಾಪೆಗೆ ಬಂದರು.

ಚೀನಾದ ಜೊತೆಗಿನ ಯುದ್ಧ ನಿಂತು ಎರಡು ತಿಂಗಳಾಗಿತ್ತು. ಎಲ್ಲರಿಗೂ ದೇಶಕ್ಕಾಗಿ ಏನಾದರೂ ಮಾಡಬೇಕೆಂಬ ಹಂಬಲ. ಗಣರಾಜ್ಯೋತ್ಸವಕ್ಕೆ ಪ್ರತಿಯೊಬ್ಬರೂ ತಮ್ಮ ನಡುಮನೆಗೆ ಒಂದು ಅಲಂಕಾರ ಮಾಡಬೇಕೆಂದು ನಿಶ್ಚಯಿಸಿದೆವು. ರಟ್ಟಿನ ಮೇಲೆ ಭಾರತದ ನಕ್ಷೆ; ಹಿಮಾಲಯಕ್ಕೆ ಹತ್ತಿ, ನದಿಗಳಿಗೆ ಬೇಗಡೆ, ಹೊಲಗಳಿಗೆ ರಾಗಿ ಕಾಳು, ಸಮುದ್ರಕ್ಕೆ ಹಳೆಯ ನೀಲಿ ಸೀರೆಯ ಚೂರು. ನಕ್ಷೆಯ ಮೇಲ್ಗಡೆ ತ್ರಿವರ್ಣದ ಮೂರು ಕಾಗದದ ಪಟ್ಟಿಗಳು. ಬೇರೆ ಬೇರೆ ವಸ್ತುಗಳನ್ನು ಹೀಗೆ ಒಂದೇ ಹಾಳೆಯ ಮೇಲೆ ಕೂಡಿಸಿ ಅಂಟಿಸುವುದಕ್ಕೆ ಕೊಲಾಜ್ ಎನ್ನುತ್ತಾರೆ. ನಮ್ಮ ಹೆಂಗಸರು ಅದನ್ನು "ಅಂಟಿನ ಚಿತ್ರ" ಎನ್ನುತ್ತಿದ್ದರು. ಆ ಹೆಸರೇ ಚೆನ್ನಾಗಿದೆ.

ತೊಂದರೆಯಾದದ್ದು ಕೇಸರಿ ಬಣ್ಣದಿಂದ. ಆ ವರ್ಷ ಪೇಟೆಯಲ್ಲಿ ಕೇಸರಿ ಕಾಗದ ಪೂರಾ ಖರ್ಚಾಗಿಹೋಗಿತ್ತು. ಆಗ ರುಕ್ಮಿಣಮ್ಮ ಎಂಬುವರು ಒಂದು ಉಪಾಯ ಹೇಳಿದರು. ಬಿಳಿ ಕಾಗದವನ್ನು ಗಟ್ಟಿ ಅರಿಶಿನದ ನೀರಿನಲ್ಲಿ ಅದ್ದಿ, ಕೇಸರಿಬಾತಿಗೆ ಹಾಕುವ ಬಣ್ಣ ಒಂದು ಚಿಟಿಕೆ ಸೇರಿಸಿ ಒಣಗಿಸಿದರೆ ಆಯಿತು. ಮಾಡಿ ನೋಡಿದೆವು. ಪೇಟೆಯ ಕಾಗದಕ್ಕಿಂತ ಚೆನ್ನಾಗಿಯೇ ಬಂತು.

ತರಗತಿಯಲ್ಲಿ ಜಯಮ್ಮ ಎಂಬ ಹುಡುಗಿಯಿದ್ದಳು. ಮುನಿಶಾಮಪ್ಪನವರ ಸೊಸೆ, ವಯಸ್ಸು ಹತ್ತೊಂಬತ್ತು. ಗಂಡ ಕೃಷ್ಣಪ್ಪ ಸಿಪಾಯಿ, ಈಶಾನ್ಯ ಗಡಿಯಲ್ಲಿದ್ದವನು. ಕಾಣೆಯಾಗಿದ್ದಾನೆ ಎಂಬ ಒಂದು ತಂತಿ ಬಂದದ್ದು ಬಿಟ್ಟರೆ ಬೇರೆ ಸುದ್ದಿ ಇರಲಿಲ್ಲ. ಸತ್ತನೆಂದಾಗಲಿ ಬದುಕಿದ್ದಾನೆಂದಾಗಲಿ ಯಾರೂ ಹೇಳಿರಲಿಲ್ಲ. ನೆಂಟರು ಮಾತ್ರ, ಹುಡುಗ ಹೋದ ಹಾಗೇ ಲೆಕ್ಕ, ಕರ್ಮ ಮಾಡದೆ ಬಿಟ್ಟರೆ ಅವನಿಗೆ ಗತಿಯಿಲ್ಲ ಎಂದು ಒತ್ತಾಯ ಮಾಡುತ್ತಿದ್ದರು. ಕರ್ಮ ಮಾಡುವುದೆಂದರೆ ಜಯಮ್ಮನ ಬಳೆ ಒಡೆಯುವುದು, ತಾಳಿ ತೆಗೆಯುವುದು. ಅತ್ತೆ ನಂಜಮ್ಮ ಅದಕ್ಕೆ ಒಪ್ಪದೆ ಗಟ್ಟಿಯಾಗಿ ನಿಂತಿದ್ದರು. ಸೊಸೆಯನ್ನು ನಮ್ಮ ತರಗತಿಗೆ ಕಳಿಸಿದವರೂ ಅವರೇ. "ಮನೇಲಿ ಕೂತ್ರೆ ಬರೋರೋಗೋರೆಲ್ಲ ಇವಳ ಕೈ ನೋಡ್ತಾರೆ ಮೇಷ್ಟ್ರೇ. ಕೈಗೇನಾದ್ರೂ ಕೆಲ್ಸ ಕೊಡಿ" ಎಂದಿದ್ದರು.

ಗಣರಾಜ್ಯೋತ್ಸವದ ದಿನ ಶಾಲೆಯಲ್ಲಿ ಧ್ವಜವಂದನೆ ಮುಗಿಸಿ ತರಗತಿಯವರೆಲ್ಲ ಒಟ್ಟಾಗಿ ಮನೆ ಮನೆಗೆ ಹೋಗಿ ಅಲಂಕಾರ ನೋಡಿಬರುವುದೆಂದು ನಿಶ್ಚಯವಾಗಿತ್ತು. ದಸರೆಯಲ್ಲಿ ಗೊಂಬೆ ನೋಡಲು ಹೋಗುವ ಹಾಗೆ. ಮೊದಲ ಮನೆ ಜಯಮ್ಮನದು. ನನ್ನ ಜೊತೆ ಆರು ಜನ ಹೆಂಗಸರಿದ್ದರು.

ಒಳಗೆ ಹೋದಾಗ ಮುನಿಶಾಮಪ್ಪ ಗೋಡೆಯ ಪಕ್ಕದಲ್ಲಿ ನಿಂತಿದ್ದರು. ಜಯಮ್ಮ ಅಡುಗೆಮನೆಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ನಂಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ನಾನು ಗೋಡೆ ನೋಡಿದೆ. ಮೇಲಿನ ಕೇಸರಿ ಪಟ್ಟಿ ಕಡುಗೆಂಪಾಗಿತ್ತು. ಬಣ್ಣ ಅಲ್ಲಿಗೇ ನಿಲ್ಲದೆ ಬಿಳಿ ಪಟ್ಟಿಯ ಮೇಲೆ ಎಳೆ ಎಳೆಯಾಗಿ ಇಳಿದು ನಕ್ಷೆಗೂ ಹರಿದಿತ್ತು. ಬಲಗಡೆ, ಹಿಮಾಲಯದ ಕೊನೆಯಲ್ಲಿ ಜಯಮ್ಮ ಅಂಟಿಸಿದ್ದ ಹತ್ತಿ ಅದನ್ನು ಹೀರಿಕೊಂಡಿತ್ತು. ಕೃಷ್ಣಪ್ಪ ಇದ್ದ ಜಾಗ ಅದೇ.

ಕಾರಣ ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಸಂಕ್ರಾಂತಿಗೆ ಬಳಿಯಬೇಕಾಗಿದ್ದ ಸುಣ್ಣವನ್ನು, ಮನೆಯಲ್ಲಿ ಯಾರಿಗೂ ಮನಸ್ಸಿಲ್ಲದೆ, ಎರಡು ದಿನದ ಹಿಂದೆಯಷ್ಟೇ ಬಳಿದಿದ್ದರು. ಮಣ್ಣಿನ ಗೋಡೆ, ಮೊಳೆ ನಿಲ್ಲುವುದಿಲ್ಲ. ಹಾಗಾಗಿ ಜಯಮ್ಮ ರಟ್ಟು ಬಿಟ್ಟು ಪಟ್ಟಿಗಳನ್ನೂ ನಕ್ಷೆಯನ್ನೂ ನೇರವಾಗಿ ಗೋಡೆಗೇ ಅಂಟಿಸಿದ್ದಳು. ಹಸಿ ಸುಣ್ಣ, ಹಸಿ ಅಂಟು, ನಡುವೆ ಅರಿಶಿನ. ಆರತಿ ತಟ್ಟೆಯ ನೀರು ಕೆಂಪಾಗುವುದು ಇದರಿಂದಲೇ. ನಾನು ಒಂದು ತಟ್ಟೆ ತರಿಸಿ, ಚೂರು ಅರಿಶಿನಕ್ಕೆ ಸುಣ್ಣದ ನೀರು ಹಾಕಿ ಎಲ್ಲರಿಗೂ ತೋರಿಸಿದೆ.

ಮುನಿಶಾಮಪ್ಪ ತಟ್ಟೆಯೊಳಗೆ ಬಗ್ಗಿ ನೋಡಿದರು.

"ಮೇಷ್ಟ್ರೇ, ಇದು ನಂಗ್ ಗೊತ್ತಿಲ್ವಾ? ನನ್ ಹೆಂಡ್ತಿ ಎಷ್ಟು ಮದುವೇಲಿ ಆರತಿ ಎತ್ತವ್ಳೆ. ಸುಣ್ಣ ಅರಿಶಿನ ಸೇರಿದ್ರೆ ಕೆಂಪಾಯ್ತದೆ, ಸರಿ. ಊರಲ್ಲಿ ಇಷ್ಟು ಗೋಡೆ ಐತಲ್ಲ, ನನ್ ಮಗನ ಮನೆ ಗೋಡೇಲೇ ಯಾಕಾಯ್ತು? ಅದನ್ ಹೇಳಿ."

ನಾನು ತಟ್ಟೆಯನ್ನು ಕೆಳಗಿಟ್ಟೆ.

"ಇನ್ ಸಾಕು. ಸೋಮವಾರ ಕರ್ಮಕ್ಕೆ ಜೋಯಿಸರನ್ನ ಕರೆಸ್ತೀನಿ" ಎಂದರು ಅವರು. ಅಷ್ಟು ದಿನ ತಡೆದು ನಿಂತಿದ್ದ ನಂಜಮ್ಮ ಈ ಸಲ ಬೇಡವೆನ್ನಲಿಲ್ಲ. ಜಯಮ್ಮ ತನ್ನ ಎರಡು ಕೈಗಳನ್ನೂ ಸೆರಗಿನೊಳಗೆ ಎಳೆದುಕೊಂಡದ್ದನ್ನು ನಾನು ನೋಡಿದೆ.

ಆಗ ಮುಂದೆ ಬಂದವರು ರುಕ್ಮಿಣಮ್ಮ. ಅವರ ಯಜಮಾನರು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಹೋದ ದೀಪಾವಳಿಯ ಹೊತ್ತಿಗೆ ಎದೆನೋವು ಬಂದು, ಬದುಕಿದ್ದೇ ಹೆಚ್ಚು ಎನ್ನಿಸಿಕೊಂಡು ಮನೆಯಲ್ಲಿದ್ದರು. ಗಂಡನ ವಿಷಯದಲ್ಲಿ ಶಕುನ ನೋಡದೆ ರುಕ್ಮಿಣಮ್ಮ ಹೊಸ್ತಿಲು ದಾಟುವವರಲ್ಲ. ಇದು ನಮಗೆಲ್ಲ ಗೊತ್ತಿತ್ತು.

"ನಂಜಮ್ಮನೋರೇ, ಬಳಿದು ಮಿಕ್ಕಿದ ಸುಣ್ಣ ಇದೆಯಾ?" ಎಂದು ಕೇಳಿದರು.

"ಹಿತ್ತಲಲ್ಲಿ ಮಡಕೇಲೈತೆ."

"ನಂಗೊಂದಿಷ್ಟು ಕೊಡಿ. ನಮ್ಮನೇಲೂ ಇವತ್ತು ಗೋಡೆಗೇ ಅಂಟಿಸ್ತೀನಿ. ಯಜಮಾನ್ರೇ, ನೀವು ನಾಳೆ ಬಂದು ನೋಡಿ. ನಿಮ್ಮ ಗೋಡೆ ಒಂದೇ ಅಲ್ಲ ಅಂತ ಆಗ್ಲಿ."

ಪಕ್ಕದಲ್ಲಿದ್ದ ಲಲಿತಾ, ಮದುವೆಯಾಗಿ ವರ್ಷವೂ ತುಂಬದ ಹುಡುಗಿ, "ರೀ ರುಕ್ಮಿಣಮ್ಮ, ಬೇಡ ರೀ, ನಿಮ್ಮೆಜಮಾನ್ರು..." ಎಂದು ಸೆರಗು ಎಳೆದಳು. ರುಕ್ಮಿಣಮ್ಮ ತಿರುಗಿ ನೋಡಲಿಲ್ಲ. ಸುಣ್ಣ ಹಾಕಿಸಿಕೊಳ್ಳಲು ಒಂದು ಬಾಳೆ ಎಲೆ ಹಿಡಿದರು. ಸ್ವಲ್ಪ ಹೊತ್ತಿಗೆ ಲಲಿತಾಳೂ ಒಂದು ಎಲೆ ಹಿಡಿದಳು. ಆಮೇಲೆ ಉಳಿದ ನಾಲ್ವರು. ಕೊನೆಗೆ ರುಕ್ಮಿಣಮ್ಮ ನನ್ನ ಕಡೆ ನೋಡಿ, "ಮೇಷ್ಟ್ರೇ, ನಿಮಗೆ ಬೇಡ್ವೇ?" ಎಂದರು.

ನಾನೂ ತೆಗೆದುಕೊಂಡೆ. ಸುಣ್ಣ ಅರಿಶಿನದ ಕಾರಣವನ್ನು ಈಗಷ್ಟೇ ಎಲ್ಲರಿಗೂ ವಿವರಿಸಿದ್ದವನು ನಾನು. ಆದರೂ ಮನೆಗೆ ಹೋಗಿ, ಅಮ್ಮ ಮಲಗುವ ಜಾಗದ ಮೇಲಿನ ಗೋಡೆ ಬಿಟ್ಟು ಬೇರೆ ಗೋಡೆ ಹುಡುಕಿದೆ. ಅದನ್ನು ಗಮನಿಸಿದಾಗ ನನಗೇ ಆಶ್ಚರ್ಯವಾಯಿತು.

ಮರುದಿನ ಭಾನುವಾರ ಮುನಿಶಾಮಪ್ಪ ರುಮಾಲು ಸುತ್ತಿಕೊಂಡು ನಮ್ಮ ಮನೆಗೆ ಬಂದರು. ನಾನು ಅವರನ್ನು ಮನೆಯಿಂದ ಮನೆಗೆ ಕರೆದುಕೊಂಡು ಹೋದೆ. ಎಲ್ಲ ಕಡೆಯೂ ಪಟ್ಟಿ ಕೆಂಪಾಗಿತ್ತು. ಲಲಿತಾಳ ಮನೆಯಲ್ಲಂತೂ ನಮ್ಮ ನಕ್ಷೆಯ ಅರ್ಧ ದೇಶವೇ ಕೆಂಪು. ಅವಳ ಗಂಡ ಅದರ ಕೆಳಗೆ ಕೂತು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ.

ರುಕ್ಮಿಣಮ್ಮನ ಯಜಮಾನರು ಬೆತ್ತದ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ತಲೆಯ ಮೇಲೆ ಸರಿಯಾಗಿ ಆ ಪಟ್ಟಿ.

"ಬನ್ನಿ ಸ್ವಾಮಿ" ಎಂದರು. "ನಿನ್ನೆ ಸಾಯಂಕಾಲದಿಂದ ನನ್ನ ಈ ಗೋಡೆ ಕೆಳಗೇ ಕೂರಿಸಿದಾಳೆ. ಏಳೋ ಹಾಗಿಲ್ಲ, ನಿಮಗೆ ತೋರಿಸ್ಬೇಕಂತೆ. ಬದುಕಿದೀನೋ ಇಲ್ವೋ, ನೀವೇ ನೋಡಿ ಸರ್ಟಿಫಿಕೇಟ್ ಕೊಡಿ."

ಮುನಿಶಾಮಪ್ಪ ನಗಲಿಲ್ಲ. ಕಾಫಿ ತಂದ ರುಕ್ಮಿಣಮ್ಮನ ಮುಖವನ್ನೇ ನೋಡುತ್ತಿದ್ದರು. ಆಕೆಯ ಕಣ್ಣುಗಳು ಊದಿದ್ದವು.

"ಭಯ ಆಗ್ಲಿಲ್ವೇನವ್ವ ನಿಂಗೆ?"

"ಆಯ್ತು. ರಾತ್ರಿಯೆಲ್ಲ ಇವರ ಉಸಿರು ಕೇಳ್ತಾ ಕೂತಿದ್ದೆ."

"ಮತ್ಯಾಕವ್ವ ಹಾಕ್ದೆ?"

"ಜಯಮ್ಮ ಒಬ್ಬಳೇ ಆಗ್ಬಾರ್ದು ಅಂತ."

ಮುನಿಶಾಮಪ್ಪ ಕಾಫಿ ಲೋಟವನ್ನು ಕೆಳಗಿಟ್ಟು ರುಮಾಲು ತೆಗೆದರು. ಕಣ್ಣು ಒರೆಸಿಕೊಂಡರೋ ಬೆವರು ಒರೆಸಿಕೊಂಡರೋ ನಾನು ನಿಂತಿದ್ದ ಕಡೆಯಿಂದ ಕಾಣಲಿಲ್ಲ. ಅವರು ವಾಪಸು ಹೊರಟಾಗ ನಾನೂ ಜೊತೆಗೆ ಹೋದೆ. ಅವರ ಮನೆಯ ಜಗಲಿಯ ಮೇಲೆ ನೆಂಟರು ಕಾದಿದ್ದರು. ಅವರಿಗೆ ಕೇಳುವಂತೆ, "ಸರ್ಕಾರದೋರು ಹೇಳೋಗಂಟ ನನ್ ಮಗ ಬದುಕವ್ನೆ. ಬಳೆ ಮಾತು ಯಾರೂ ಎತ್ತಬ್ಯಾಡಿ. ಊಟ ಮಾಡ್ಕೊಂಡು ಹೊರಡಿ" ಎಂದರು. ಜೋಯಿಸರನ್ನು ಕರೆಸಲಿಲ್ಲ. ಮುಂದಿನ ತರಗತಿಗೆ ಜಯಮ್ಮ ಬಂದಳು. ಎಲ್ಲರೂ ಸೇರಿ ಅವಳಿಗೆ ಹೊಸ ನಕ್ಷೆ ಮಾಡಿಕೊಟ್ಟೆವು. ಹತ್ತಿಯನ್ನು ಮಾತ್ರ ಅವಳೇ ಅಂಟಿಸಿದಳು.

ಆ ಬೇಸಿಗೆಯಲ್ಲಿ, ಸೆರೆಯಲ್ಲಿದ್ದ ಸಿಪಾಯಿಗಳನ್ನು ಬಿಡುಗಡೆ ಮಾಡಿದಾಗ, ಅವರಲ್ಲಿ ಕೃಷ್ಣಪ್ಪನೂ ಇದ್ದ. ಹಿಮದಿಂದಾಗಿ ಎಡಗಾಲಿನ ಬೆರಳುಗಳು ಹೋಗಿದ್ದವು. ಒಂದು ದಿನ ಅವನು ಕುಂಟುತ್ತಾ ಸಮಾಜದ ಬಾಗಿಲಿಗೆ ಬಂದು, "ರುಕ್ಮಿಣಮ್ಮ ಅಂದ್ರೆ ಯಾರು?" ಎಂದು ಕೇಳಿದ. ರುಕ್ಮಿಣಮ್ಮ ಎದ್ದು ನಿಂತರು. ಅವನು ಬಗ್ಗಿ ಅವರ ಕಾಲು ಮುಟ್ಟಿದ. ಅವರು ಗಾಬರಿಯಿಂದ, "ಏಳಪ್ಪಾ, ಆ ಕಾಲಲ್ಲಿ ಬಗ್ತಾರೇನೋ" ಎಂದು ಬೈದರು.

ಅವನು ಬಂದನೆಂದು ಈ ಕಥೆಯನ್ನು ಹೇಳುತ್ತಿಲ್ಲ. ಬಾರದೆ ಇದ್ದವರೂ ಬಹಳ ಮಂದಿ. ಆ ಆರು ಜನ ಎಲೆ ಹಿಡಿದು ನಿಂತಾಗ ಅವನು ಬರುತ್ತಾನೆಂದು ಅವರಿಗೆ ಗೊತ್ತಿರಲಿಲ್ಲ. ಮುಂದೆ ಬಹಳ ವರ್ಷ ಪಾಠ ಹೇಳಿದೆ. ಅಂದಿನಿಂದ, ಹೆದರಿದವರ ಎದುರಿಗೆ ಕಾರಣವನ್ನು ವಿವರಿಸಿ ಕೈತೊಳೆದುಕೊಳ್ಳುವ ಅಭ್ಯಾಸ ಬಿಟ್ಟೆ. ವಿವರಿಸುತ್ತೇನೆ, ಆಮೇಲೆ ಅವರ ಪಕ್ಕದಲ್ಲೇ ಕೂರುತ್ತೇನೆ. ನನ್ನ ಕೆಲಸ ನನಗೆ ಕಲಿಸಿದ್ದು ಇದು. ಕಲಿಸಿದವರು ನನ್ನ ವಿದ್ಯಾರ್ಥಿನಿಯರು. ಅವರ ಋಣ ನನ್ನ ಮೇಲಿದೆ.

ರುಕ್ಮಿಣಮ್ಮನೂ ಅವರ ಯಜಮಾನರೂ ಈಗಿಲ್ಲ. ಆ ಎದೆನೋವಿನ ಮೇಲೆ ಯಜಮಾನರು ಇಪ್ಪತ್ತಕ್ಕೂ ಹೆಚ್ಚು ವರ್ಷ ಬಾಳಿದರು. ಮುನಿಶಾಮಪ್ಪ, ನಂಜಮ್ಮ, ಕೃಷ್ಣಪ್ಪ ಹೋಗಿದ್ದಾರೆ. ಅಂದು ಆ ನಡುಮನೆಯಲ್ಲಿದ್ದವರಲ್ಲಿ ನಾನು ಬಿಟ್ಟರೆ ಈಗ ಉಳಿದಿರುವವರು ಇಬ್ಬರು. ಜೆ.ಪಿ. ನಗರದಲ್ಲಿ ಮಗಳ ಮನೆಯಲ್ಲಿರುವ ಲಲಿತಾ. ಯಡಿಯೂರಿನಲ್ಲೇ ಇರುವ ಜಯಮ್ಮ.