ಅಕ್ಕನ ಹಿತ್ತಾಳೆ ಡಬ್ಬಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಎರಡನೆಯದರ ಗೋಜಿಗೆ ನಾನು ಹೋಗಲಿಲ್ಲ. ಮೊದಲನೆಯದನ್ನು ಮಾಡಿದೆ, ಆದರೆ ನಾಲ್ಕು ಗಾಲಿಗಳ ಮೇಲೆ. ಯುದ್ಧ ಮುಗಿದ ಮರುವರ್ಷ ದಂಡಿನವರು ಹರಾಜಿಗಿಟ್ಟ ಹಳೆಯ ಮೋಟಾರೊಂದು ನನ್ನ ಪಾಲಿಗೆ ಬಂತು. ಸವಣೂರಿನಲ್ಲಿ ಬಡಿಗತನ ಮಾಡುವ ಸಾಬರೊಬ್ಬರು ಅದರ ಬೆನ್ನ ಮೇಲೆ ಹಲಗೆಯ ಖೋಲಿ ಕಟ್ಟಿಕೊಟ್ಟರು. ಮಲಗಲು ಮಂಚ, ಸ್ಟೋವಿಗೊಂದು ಗೂಡು, ಪಾತ್ರೆಗೆ ಎರಡು ಫಳಿ, ಸಂಧ್ಯಾವಂದನೆಗೆ ಮಣೆ ಹಿಡಿಯುವಷ್ಟು ಜಾಗ. ಆ ಜಾಗವನ್ನು ನಾನು ಕೇಳಿರಲಿಲ್ಲ. "ನಾಳೆ ನಿಮ್ಮ ಅಪ್ಪಾರು ಬಂದು ಕೇಳಿದ್ರ ನಾ ಏನ್ ಹೇಳ್ಲಿರಿ?" ಎಂದು ಅವರೇ ಬಿಟ್ಟಿದ್ದರು.

ಅಪ್ಪ ಸವಣೂರಿನಲ್ಲಿ ಕಾಕಾನ ತುಂಬಿದ ಮನೆಯಲ್ಲಿದ್ದು ಹುಡುಗರಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಅವರ ಮಗನಾದ ನಾನು ಊರೂರು ತಿರುಗಿ ಹೊಲಿಗೆ ಮಶೀನು ರಿಪೇರಿ ಮಾಡುತ್ತಿದ್ದೆ. ವ್ಯಾಕರಣ ತಲೆಗೆ ಹತ್ತಲಿಲ್ಲ, ಎಣ್ಣೆ ಕೈಗೆ ಹತ್ತಿತು. ಒಬ್ಬನೇ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂದು ಸುತ್ತುತ್ತಿದ್ದೆ. ಗಾಲಿ ಹೊಂಡದಲ್ಲಿ ಸಿಕ್ಕರೆ ಮೋಟಾರಿಗೆ ಬೈಯುತ್ತಿದ್ದೆ, ಅದು ತಿರುಗಿ ಮಾತಾಡದಿದ್ದರೆ ನನಗೇ ಬೈದುಕೊಳ್ಳುತ್ತಿದ್ದೆ. ಸಂಜೆ ಯಾವುದಾದರೂ ಕೆರೆಯ ದಂಡೆಗೆ ನಿಲ್ಲಿಸಿ, ಹಿಂದಿನ ಬಾಗಿಲು ತೆರೆದು, ಕಾಲು ಇಳಿಬಿಟ್ಟು ಚಹಾ ಕುಡಿಯುವಾಗ ಮಾತ್ರ ಯಾರ ಮೇಲೂ ಸಿಟ್ಟಿರುತ್ತಿರಲಿಲ್ಲ.

ಸಂಸಾರವಿಲ್ಲದವನ ಗಾಡಿಯ ತುಂಬ ಮಂದಿಯ ಸಂಸಾರದ ಪಾತ್ರೆಗಳು. ಒಂಟಿ ಗಂಡಸನ್ನು ಕಂಡರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಸುಮ್ಮನಿರಲಾಗದು. ಚಟ್ನಿಪುಡಿಯೋ ಉಪ್ಪಿನಕಾಯಿಯೋ ಕೈಗಿಡುತ್ತಿದ್ದರು. ಆ ಪಾತ್ರೆ ತಿರುಗಿ ಕೊಡುವಾಗ ಬರಿದು ಕೊಡಬಾರದು, ಒಂದು ಹಿಡಿ ಸಕ್ಕರೆಯಾದರೂ ಒಳಗಿರಬೇಕು. ಬರಿದು ಕೊಟ್ಟರೆ ಇಲ್ಲಿಗೆ ನಮ್ಮ ನಿಮ್ಮ ಋಣ ಹರಿಯಿತು ಎಂದಂತೆ. ನನಗೋ ಅಡಿಗೆ ಬಾರದು. ತಿಳವಳ್ಳಿಯ ಅವಲಕ್ಕಿಯನ್ನು ಶಿಗ್ಗಾವಿಯವರ ಪಾತ್ರೆಗೆ, ಸವಣೂರಿನ ವೀಳ್ಯದೆಲೆಯನ್ನು ತಿಳವಳ್ಳಿಯವರ ಪಾತ್ರೆಗೆ ಹಾಕಿ ಪಾರಾಗುತ್ತಿದ್ದೆ.

ಹಿರೇಕೆರೂರಿನಲ್ಲಿ ಅಕ್ಕನ ಮನೆ. ಆ ಕಾರ್ತಿಕದಲ್ಲಿ ನಾನು ಹೋದಾಗ ಅವಳ ಮಗಳು ಬಾಣಂತಿ. ಅಂಟು, ಒಣಕೊಬ್ಬರಿ, ಬೆಲ್ಲ ಹಾಕಿ ಅಕ್ಕ ಅವಳಿಗೆ ಉಂಡೆ ಕಟ್ಟುತ್ತಿದ್ದಳು. ಅಷ್ಟರಲ್ಲಿ ಕಾಕಾನ ಕಾರ್ಡು ಬಂತು: ಅಪ್ಪನಿಗೆ ಜ್ವರ ಬಂದಿತ್ತು, ಈಗ ಬಿಟ್ಟಿದೆ, ಬಾಯಿಗೆ ರುಚಿಯಿಲ್ಲ, ಮಗಳ ಕೈಯ ಅಂಟಿನ ಉಂಡೆ ಬೇಕೆನ್ನುತ್ತಾರೆ. ಎಳೆ ಬಾಣಂತಿಯನ್ನು ಬಿಟ್ಟು ಅಕ್ಕ ಹೊರಡುವಂತಿರಲಿಲ್ಲ. ಹಲ್ಲಿಲ್ಲದ ಅಪ್ಪನಿಗೆಂದು ಎಲ್ಲವನ್ನೂ ಮತ್ತೊಮ್ಮೆ ಸಣ್ಣಗೆ ಕುಟ್ಟಿ, ತುಪ್ಪ ಹೆಚ್ಚು ಹಾಕಿ, ಬೇರೆಯೇ ಉಂಡೆ ಕಟ್ಟಿ ತನ್ನ ಹಿತ್ತಾಳೆ ಡಬ್ಬಿಯಲ್ಲಿ ತುಂಬಿಕೊಟ್ಟಳು.

"ಬಾಯಾಗಿಟ್ರ ಕರಗತಾವ. ಎಲ್ಲೂ ನಿಂದ್ರಬ್ಯಾಡ, ಸೀದಾ ಹೋಗು," ಎಂದಳು.

"ನಿಂದ್ರಂಗಿಲ್ಲಕ್ಕಾ," ಎಂದೆ.

ನಿಂತೆ. ಆಡೂರಿನಲ್ಲಿ ದರ್ಜಿಯೊಬ್ಬ ರಸ್ತೆಗೇ ಬಂದು ಕೈ ಅಡ್ಡ ಹಿಡಿದ. ಮೂರು ಮದುವೆಯ ಬಟ್ಟೆ ಒಪ್ಪಿಕೊಂಡಿದ್ದ, ಮಶೀನು ಕೆಟ್ಟು ಕೂತಿತ್ತು. "ಈಗ ನೀವು ಹ್ವಾದ್ರ ನನ್ನ ಮಾನ ಹೋಗ್ತೈತ್ರಿ," ಎಂದ. ಒಂದು ತಾಸಿನ ಕೆಲಸವೆಂದು ಕೈಹಾಕಿದೆ. ಒಳಗಿನ ಹಲ್ಲುಚಕ್ರವೇ ಸವೆದುಹೋಗಿತ್ತು. ನನ್ನ ಹತ್ತಿರವಿದ್ದ ಬೇರೊಂದು ಚಕ್ರವನ್ನು ಅರದಿಂದ ತಿಕ್ಕಿ ತಿಕ್ಕಿ ಅದರ ಜಾಗಕ್ಕೆ ಕೂರಿಸುವುದರಲ್ಲಿ ಎರಡು ದಿನ ಹೋದವು. ಜ್ವರ ಬಿಟ್ಟಿದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಆ ಮಶೀನು ಮತ್ತೆ ಓಡಿದಾಗ ನಾನು ಹಿಗ್ಗಿದ್ದೆ.

ಸವಣೂರು ಮುಟ್ಟಿದಾಗ ಕಾಕಾನ ಮನೆಯ ಕಟ್ಟೆಯ ಮೇಲೆ ಮಂದಿ ಕೂತಿದ್ದರು. ಜ್ವರ ಮರುಕಳಿಸಿ ಅಪ್ಪ ಹಿಂದಿನ ದಿನ ಹೋಗಿಬಿಟ್ಟಿದ್ದರು. ಬೆಂಕಿಯನ್ನು ಕಾಕಾ ಇಟ್ಟಿದ್ದರು. ರಸ್ತೆಯಲ್ಲಿ ಯಾವ ಮೋಟಾರಿನ ಸಪ್ಪಳ ಕೇಳಿದರೂ ಅಪ್ಪ ತಲೆ ಎತ್ತುತ್ತಿದ್ದರಂತೆ. ಕಾಕಾ ಅದನ್ನು ಹೇಳಬಾರದಿತ್ತು. ಹೇಳಿದರು.

ಮಗಳನ್ನು ಬೀಗಿತ್ತಿಯ ಕೈಗೊಪ್ಪಿಸಿ ಅಕ್ಕ ಬಂದಳು. ಹದಿಮೂರು ದಿನವೂ ನನ್ನ ಜೊತೆ ಮಾತಾಡಲಿಲ್ಲ. ಆಡೂರಿನ ಸಂಗತಿಯನ್ನು ನಾನೇ ಹೇಳಿದೆ. ಪೂರ್ತಿ ಕೇಳಿ, ಎದ್ದು ಒಳಗೆ ಹೋದಳು. ಊರಿಗೆ ಹೊರಟ ದಿನ, ಬಸ್ಸು ಹತ್ತುವ ಮೊದಲು, ಎಲ್ಲಿಯೋ ನೋಡುತ್ತ ಅಂದಳು: "ನನ್ನ ಡಬ್ಬಿ ತಂದುಕೊಡು. ಬರೀದು ತಾ. ಒಳಗ ಏನೂ ಹಾಕಬ್ಯಾಡ."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅವ್ವ ನಾನು ಸಣ್ಣವನಿದ್ದಾಗಲೇ ಹೋಗಿದ್ದಳು. ಇನ್ನು ನನ್ನವರು ಎಂದು ಉಳಿದವಳು ಅಕ್ಕನೊಬ್ಬಳೇ.

ನಾಲ್ಕು ತಿಂಗಳು ಹಿರೇಕೆರೂರಿನ ದಾರಿ ಬಿಟ್ಟೆ. ತಿಳವಳ್ಳಿಯ ತನಕ ಹೋಗಿ ಗಾಡಿ ತಿರುಗಿಸಿಕೊಂಡು ಬರುತ್ತಿದ್ದೆ. ಡಬ್ಬಿ ನನ್ನ ಮಂಚದ ತಲೆಕಡೆ ಇತ್ತು, ಉಂಡೆಗಳು ಒಳಗೆ ಹಾಗೇ ಇದ್ದವು. ಅವನ್ನು ತಿನ್ನಲು ನಾನ್ಯಾರು? ಚೆಲ್ಲಲು ಕೈ ಬರಲಿಲ್ಲ. ಗಾಡಿ ಕುಣಿದಾಗ ಮೊದಮೊದಲು ಡಬ್ಬಿಯೊಳಗೆ ಮೆತ್ತಗೆ ಸಪ್ಪಳವಾಗುತ್ತಿತ್ತು. ಶಿವರಾತ್ರಿಯ ಹೊತ್ತಿಗೆ ಕಲ್ಲು ಉರುಳಿದಂತೆ ಗಡಗಡ ಎನ್ನತೊಡಗಿತು. ಒಬ್ಬನೇ ಹೋಗುವವನಿಗೆ ಅದನ್ನು ಕೇಳದೆ ಗತಿಯಿರಲಿಲ್ಲ.

ಯುಗಾದಿಯ ಮುಂದೆ ಧೈರ್ಯ ಮಾಡಿ ಹೋದೆ. ಧೈರ್ಯವೆಂದರೆ ಸುಳ್ಳು. ಅಕ್ಕನನ್ನು ನೋಡದೆ ಇರಲಾಗಲಿಲ್ಲ.

ಅವಳು ಅಂಗಳದಲ್ಲಿ ಮೊಮ್ಮಗನನ್ನು ಎಳೆಬಿಸಿಲಿಗೆ ಹಿಡಿದು ಕೂತಿದ್ದಳು. ಬಾ ಎನ್ನಲಿಲ್ಲ. ಕೂಸನ್ನು ಮಗಳ ಕೈಗೆ ಕೊಟ್ಟು ನನ್ನತ್ತ ಕೈ ಚಾಚಿದಳು. ಡಬ್ಬಿ ಕೊಟ್ಟೆ. ಅದರ ಭಾರ ಕೈಗೆ ಹತ್ತಿದ್ದೇ ಅವಳ ಮುಖ ಕೆಂಪಾಯಿತು.

"ಬರೀದು ತಾ ಅಂದಿದ್ದೆ. ಏನ್ ತುಂಬಿಕೊಂಡ ಬಂದೀ? ಸಕ್ಕರೀನೊ?"

"ನಾ ಏನೂ ಹಾಕಿಲ್ಲಕ್ಕಾ. ನೀನ ಹಾಕಿದ್ದು."

ಮುಚ್ಚಳ ಬಿಗಿದಿತ್ತು. ಮೊಣಕಾಲ ನಡುವೆ ಹಿಡಿದು ತೆಗೆದಳು. ಬಹಳ ಹೊತ್ತು ಒಳಗೇ ನೋಡಿದಳು.

"ಒಂದಾದ್ರೂ ತಿನ್ನಬಾರದಿತ್ತೇನೋ?"

"ಹ್ಯಾಂಗ ತಿನ್ನಲಿ? ಅಪ್ಪಗಂತ ಮಾಡಿದ್ದಿ."

ಅಕ್ಕ ಅತ್ತಳು. ನಾನೂ ಅತ್ತೆ. ಕೂಸು ನಮ್ಮಿಬ್ಬರನ್ನೂ ನೋಡಿ ತಾನೂ ದನಿಗೂಡಿಸಿತು. ಆಮೇಲೆ ಅವಳು ಒಂದು ಉಂಡೆಯನ್ನು ಒರಳಿಗೆ ಹಾಕಿ ಗುಂಡುಕಲ್ಲಿನಿಂದ ಕುಟ್ಟಿದಳು. ಅದು ಪುಟಿದು ಪುಟಿದು ಓಡಿತು, ಹಿಡಿಯಲು ನಾನು ಹಿಂದೆ ಓಡಿದೆ. ಒಡೆಯುವ ಹೊತ್ತಿಗೆ ಇಬ್ಬರಿಗೂ ನಗು ಬಂದಿತ್ತು. ಒಂದು ಚೂರು ನನ್ನ ಬಾಯಿಗಿಟ್ಟಳು, ಒಂದನ್ನು ತಾನು ಹಾಕಿಕೊಂಡಳು. ತುಪ್ಪ ಕಮಟು ಹಿಡಿದಿತ್ತು. ಕರಗಲು ಬಹಳ ಹೊತ್ತು ಬೇಕಾಯಿತು, ಆದರೆ ಇಬ್ಬರೂ ಉಗುಳಲಿಲ್ಲ. ಉಳಿದವನ್ನು ಕುಟ್ಟಿ ಆಕಳಿಗೆ ಹಾಕಿದಳು.

ಮರುದಿನ ಮುಂಜಾನೆ ಹೊರಟಾಗ ಡಬ್ಬಿ ನನ್ನ ಸೀಟಿನ ಮೇಲಿತ್ತು, ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದದ್ದು. ಎತ್ತಿದೆ. ಭಾರವಿತ್ತು. ಮುಚ್ಚಳ ತೆಗೆದರೆ ಹೊಸ ಉಂಡೆಗಳು.

"ಇವು ಯಾರಿಗೆ?"

"ನಿನಗ," ಎಂದಳು. ಆಮೇಲೆ "ಆಡೂರಾಗಿನ ಆ ಮದಿವಿ ಬಟ್ಟಿ ಹೊತ್ತಿಗೆ ಆದುವಿಲ್ಲೋ?" ಎಂದು ಕೇಳಿದಳು.

"ಆದುವಕ್ಕಾ."

"ಛಲೋ ಆತು."

ಮೋಟಾರು ಚಾಲೂ ಮಾಡಿದೆ. ಅಕ್ಕ ಕಿಟಕಿಯೊಳಗೆ ಕೈಹಾಕಿ ನನ್ನ ಕಿವಿ ಹಿಡಿದಳು. "ನಿಂತು ನಿಂತು ಹೋಗು. ಆದರ ಈ ಡಬ್ಬಿ ಬರೀದು ತಂದೀ ಅಂದ್ರ ಬಾಗಲಾ ತಗಿಯಂಗಿಲ್ಲ ನೋಡು."