ಎಸ್ತರ್ ಜೊತೆ ಸಾಲಹಳ್ಳಿಯ ಹೊಲದವರೆಗೆ

ಶ್ರಾವಣದ ಮೊದಲ ವಾರ. ಬೆಳಗಿನ ಏಳಕ್ಕೆ ಧಾರವಾಡದಲ್ಲಿ ನಾನೂ ಎಸ್ತರ್ ಅವರೂ ಕಿತ್ತೂರಿನ ಬಸ್ ಹತ್ತಿದೆವು. ಎಸ್ತರ್ ಕೀನ್ಯಾದವರು, ಬೆಳೆಗೆ ಬೀಳುವ ಹುಳುಗಳ ಬೆನ್ನು ಹತ್ತಿ ಅರ್ಧ ಆಯುಷ್ಯ ಕಳೆದವರು. ಒಂದು ದೇಶದ ಹೊಲದಲ್ಲಿ ಕಲಿತದ್ದನ್ನು ಇನ್ನೊಂದು ದೇಶದ ರೈತರಿಗೆ ಮುಟ್ಟಿಸುವ, ಲಾಭದ ಗೊಡವೆಯಿಲ್ಲದ ಅಂತರರಾಷ್ಟ್ರೀಯ ಸಂಸ್ಥೆಯೊಂದು ಅವರನ್ನು ಮೂರು ದಿನದ ಮಟ್ಟಿಗೆ ನಮ್ಮ ಕಡೆ ಕಳಿಸಿತ್ತು. ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಅವರ ಇಂಗ್ಲಿಷನ್ನು ರೈತರಿಗೆ, ರೈತರ ಮಾತನ್ನು ಅವರಿಗೆ ತಿಳಿಸುವುದು ನನ್ನ ಕೆಲಸ. ಹಿಂದಿನ ರಾತ್ರಿ ನನಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಪಾಠದ ಪುಸ್ತಕದಲ್ಲಿ ಮೂವತ್ತು ವರ್ಷ ತೋರಿಸಿದ್ದನ್ನೆಲ್ಲ ಈಗ ಹೊಲದಲ್ಲಿ ನೋಡುತ್ತೇನೆಂಬ ಹುರುಪು.

ಸಂಸ್ಥೆಯವರು ಜೀಪು ಕೊಡುತ್ತೇವೆಂದಿದ್ದರು. ಎಸ್ತರ್ ಬೇಡವೆಂದರು. ಬಸ್ಸಿನಲ್ಲಿ ಕೂತರೆ ಪಕ್ಕದವರು ತಾವಾಗಿಯೇ ಬೆಳೆಯ ಸುದ್ದಿ ತೆಗೆಯುತ್ತಾರೆ, ಎಲ್ಲ ದೇಶದಲ್ಲೂ ಹಾಗೇ ಎಂದರು. ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ ದುಡ್ಡಿಲ್ಲದ ಟಿಕೆಟ್ ಹರಿದು ಕೊಟ್ಟ, ಅವರಿಂದ ಪೂರ್ತಿ ಹಣ ತೆಗೆದುಕೊಂಡ. ನಮ್ಮ ರಾಜ್ಯದ ಹೆಂಗಸರಿಗೆ ಬಸ್ಸು ಬಿಟ್ಟಿ ಎಂದು ನಾನು ವಿವರಿಸಿದಾಗ ಎಸ್ತರ್ ಆ ಎರಡು ಟಿಕೆಟುಗಳನ್ನೂ ಡೈರಿಯಲ್ಲಿ ಇಟ್ಟುಕೊಂಡರು. ಊರಿಗೆ ಹೋಗಿ ಅಕ್ಕನಿಗೆ ತೋರಿಸಬೇಕಂತೆ.

ಕಿತ್ತೂರಿನಲ್ಲಿ ಚಹಾ ಕುಡಿದು, ಆಟೋ ಮಾಡಿಕೊಂಡು ದೇಗಾಂವಕ್ಕೆ ಹೋಗಿ ಕಮಲನಾರಾಯಣ ಗುಡಿ ನೋಡಿದೆವು. ತುಂತುರು ಮಳೆಯಲ್ಲಿ ಕಲ್ಲು ಎಣ್ಣೆ ಹಚ್ಚಿದಂತೆ ಮಿನುಗುತ್ತಿತ್ತು. ಕಂಬಗಳ ಕುಸುರಿಯನ್ನು ಎಸ್ತರ್ ಬೆರಳು ತಾಗಿಸದೆ ಬಹಳ ಹೊತ್ತು ನೋಡಿದರು. ಆಮೇಲೆ ಪಕ್ಕದ ಹೊಲದ ಸೋಯಾ ಎಲೆಗಳನ್ನೂ ಅಷ್ಟೇ ಹೊತ್ತು ನೋಡಿದರು.

ಮಧ್ಯಾಹ್ನ ಬೈಲಹೊಂಗಲದಲ್ಲಿ ನಮ್ಮ ಮೊದಲ ‘ಬೆಳಿ ದವಾಖಾನಿ’. ಅದೊಂದು ಮೇಜು, ನಾಲ್ಕು ಕುರ್ಚಿ, ಒಂದು ಭೂತಗನ್ನಡಿ, ಅಷ್ಟೇ. ರೋಗ ಬಂದ ಗಿಡವನ್ನು ರೈತರು ಕಿತ್ತು ತರುತ್ತಾರೆ, ಎಸ್ತರ್ ನೋಡಿ ಕಾರಣ ಹೇಳುತ್ತಾರೆ. ಒಬ್ಬ ಹಿರಿಯರು ಹಳದಿಯಾದ ಸೋಯಾ ಗಿಡವನ್ನು ಪತ್ರಿಕೆಯಲ್ಲಿ ಸುತ್ತಿ ತಂದಿದ್ದರು. ಹೊಲದಲ್ಲಿ ನೀರು ನಿಂತಿದೆಯೇ ಎಂದು ಎಸ್ತರ್ ಕೇಳಿದರು. ಎಂಟು ದಿನದಿಂದ ನಿಂತಿತ್ತು. ಕಾಲುವೆ ತೋಡಿ ನೀರು ಹೊರಗೆ ಬಿಡಿ, ಔಷಧ ಬೇಡ ಎಂದರು. ಹಿರಿಯರಿಗೆ ಸಮಾಧಾನವಾಗಲಿಲ್ಲ.

“ಏನೂ ಬರಕೊಡಲಿಲ್ಲಂದ್ರ ಇವರು ಎಂಥಾ ಡಾಕ್ಟರ್ರಿ?” ಎಂದು ನನ್ನನ್ನು ಕೇಳಿದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಎಸ್ತರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೀನ್ಯಾದಲ್ಲೂ ಇದೇ ಪ್ರಶ್ನೆಯಂತೆ.

ಮರುದಿನ ಬೆಳಿಗ್ಗೆ ಸವದತ್ತಿಗೆ, ಅಲ್ಲಿಂದ ಗುಡ್ಡದ ಮಗ್ಗುಲಿನ ಉಗರಗೋಳಕ್ಕೆ. ಯಲ್ಲಮ್ಮನಿಗೆ ಬಂದವರು ರಸ್ತೆ ತುಂಬ ಇದ್ದರು. ಖಾನಾವಳಿಯೊಂದರಲ್ಲಿ ಬಿಸಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ ತಿಂದೆವು. ರೊಟ್ಟಿ ಬಡಿಯುವ ಸಪ್ಪಳ ಕೇಳಿ ಎಸ್ತರ್ ಒಲೆಯ ಹತ್ತಿರವೇ ಹೋಗಿ ನಿಂತರು. ತಮ್ಮ ಮನೆಯಲ್ಲಿ ದಿನವೂ ಗೋವಿನಜೋಳದ, ಅಂದರೆ ಮೆಕ್ಕೆಜೋಳದ, ಹಿಟ್ಟಿನ ಮುದ್ದೆಯೇ ಊಟ, ಸುಳಿ ತಿನ್ನುವ ಲದ್ದಿ ಹುಳು ಬಂದ ವರ್ಷ ಅಮ್ಮನ ಹೊಲ ಜರಡಿಯಂತಾಗಿತ್ತು ಎಂದರು. ಅಮೆರಿಕದಿಂದ ಹೊರಟ ಆ ಹುಳು ಆಫ್ರಿಕ ಹೊಕ್ಕು, ಆಮೇಲೆ ನಮ್ಮಲ್ಲಿಗೂ ಬಂದದ್ದು. ಅದರ ಬೆನ್ನಿಗೇ ಇವರೂ ಬಂದರಲ್ಲ ಎಂದುಕೊಂಡೆ.

ರಾಮದುರ್ಗದಲ್ಲಿ ಬಸ್ ಬದಲಿಸಿ ಸಾಲಹಳ್ಳಿ ಮುಟ್ಟಿದಾಗ ನಾಲ್ಕು ಗಂಟೆ. ಮಳೆ ನಿಂತು ಬಿಸಿಲು ಬಿದ್ದಿತ್ತು. ಅಲ್ಲಿನ ಮಹಿಳಾ ಸಂಘದವರು ನಮ್ಮನ್ನು ಕರೆಸಿದ್ದರು. ಸಂಘದ ಗಂಗವ್ವ ನೇರವಾಗಿ ತನ್ನ ಗೋವಿನಜೋಳದ ಹೊಲಕ್ಕೇ ಕರೆದೊಯ್ದಳು. ಗಂಡ ಲಾರಿಯ ಮೇಲೆ ದೂರ ಹೋಗಿದ್ದ. ಬೇಸಾಯವೆಲ್ಲ ಅವಳದು ಮತ್ತು ಮೈದುನ ಶಿವಪ್ಪನದು. ಶಿವಪ್ಪ ಬೆನ್ನಿಗೆ ಪಂಪು ಕಟ್ಟಿಕೊಂಡು ಬದುವಿನ ಮೇಲೆ ನಿಂತಿದ್ದ. ಹುಳುವಿನ ಔಷಧಕ್ಕೆ ಆ ಕಡೆ ‘ಎಣ್ಣಿ’ ಎನ್ನುತ್ತಾರೆ. ನಾವು ನೋಡಿದ ಕೂಡಲೇ ಎಣ್ಣಿ ಹೊಡೆಯಲು ಅವನು ತಯಾರಾಗಿದ್ದ.

ಗಂಗವ್ವ ಒಂದು ಸುಳಿ ಬಿಡಿಸಿ ತೋರಿಸಿದಳು. ಒಳಗೆ ನಿಸ್ತೇಜವಾದ ಲದ್ದಿ ಹುಳು, ಪಕ್ಕದಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ಬಿಳಿ ಗೂಡುಗಳ ಗೊಂಚಲು. ಹುಳ ತತ್ತಿ ಇಡಾಕತ್ತೈತಿ ಎಂದು ದಿನಾ ಇವನ್ನು ಹೊಸಕಿ ಹಾಕುತ್ತಿದ್ದಳಂತೆ. ಎಸ್ತರ್ ಮಣ್ಣಿನಲ್ಲೇ ಮಂಡಿಯೂರಿದರು. ಭೂತಗನ್ನಡಿ ಹಿಡಿದು ನೋಡಿದರು. ತತ್ತಿಯನ್ನು ಹುಳು ಇಡುವುದಿಲ್ಲ, ಅದು ಬೆಳೆದು ಪತಂಗವಾದ ಮೇಲೆ ಇಡುತ್ತದೆ. ಇವು ಸಣ್ಣ ಕಣಜದ ಗೂಡುಗಳಿರಬೇಕು ಎಂದರು. ಆ ಕಣಜ ಹುಳುವಿನ ಮೈಯೊಳಗೆ ಮೊಟ್ಟೆ ಇಡುತ್ತದೆ. ಮರಿಗಳು ಹುಳುವನ್ನು ಒಳಗಿಂದಲೇ ತಿಂದು ಹೊರಬಂದು ಗೂಡು ಕಟ್ಟುತ್ತವೆ. ಎಣ್ಣಿ ಹೊಡೆದರೆ ಅವೂ ಸಾಯುತ್ತವೆ. ಒಂದು ರಾತ್ರಿ ತಡೆಯಿರಿ, ಇವನ್ನು ಬಾಟಲಿಯಲ್ಲಿ ಇಟ್ಟು ನೋಡೋಣ ಎಂದು ಬೇಡಿಕೊಂಡರು.

ಶಿವಪ್ಪ ಪಂಪು ಇಳಿಸಲಿಲ್ಲ. “ಹುಳಾ ಬೆಳಿ ತಿನ್ನಾಕತ್ತಾವು. ನಾವು ಬಾಟ್ಲಿ ನೋಡ್ಕೋತ ಕುಂಡ್ರೂದೇನ್ರಿ?” ಎಂದ.

ಗಂಗವ್ವ ನನ್ನ ಮುಖ ನೋಡಿದಳು. “ಖಾತ್ರಿ ಐತೇನ್ರಿ ಅಕ್ಕಾರ?”

ನಾನು ಎಸ್ತರ್ ಅವರನ್ನು ಕೇಳಿದೆ. ಹಾಗನ್ನಿಸುತ್ತದೆ, ಆದರೆ ಕಣಜ ಹೊರಬರುವವರೆಗೆ ಖಾತ್ರಿ ಎನ್ನಲಾರೆ ಎಂದರು. ಖಾತ್ರಿ ಐತಿ ಎಂದುಬಿಡುವ ಮಾತು ನನ್ನ ತುಟಿಯವರೆಗೆ ಬಂದಿತ್ತು. ಹಾಗೆಂದಿದ್ದರೆ ಶಿವಪ್ಪ ಪಂಪು ಇಳಿಸುತ್ತಿದ್ದನೇನೋ. ಆದರೆ ಬೆಳೆ ಹೋದರೆ ಹೋಗುವುದು ಇವರದು, ನನ್ನದಲ್ಲ. ಎಸ್ತರ್ ಅಂದದ್ದನ್ನು ಅಂದ ಹಾಗೇ ಹೇಳಿದೆ.

ಗಂಗವ್ವ ಮೈದುನನ ಕಡೆ ತಿರುಗಿದಳು. “ಎಣ್ಣಿ ಅಂಗಡ್ಯಾವ ಯಾವತ್ತರ ಖಾತ್ರಿ ಇಲ್ಲ ಅಂದಾನೇನು? ಈ ಡಾಕ್ಟರ್ ಬಾಯಾರು ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದ್ರು. ಒಂದು ರಾತ್ರಿ ನಿಂದ್ರೂಣು.”

ಶಿವಪ್ಪ ಪಂಪು ಇಳಿಸಿದ, ಆದರೆ ನಮ್ಮ ಕಡೆ ನೋಡದೆ ಮನೆಗೆ ಹೊರಟುಬಿಟ್ಟ. ಗೂಡುಗಳ ಎಲೆಯನ್ನು ಗಂಗವ್ವ ಉಪ್ಪಿನಕಾಯಿಯ ಖಾಲಿ ಬಾಟಲಿಗೆ ಹಾಕಿ, ಬಾಯಿಗೆ ಹಳೆ ಸೀರೆಯ ಚೂರು ಬಿಗಿದಳು.

ರಾಮದುರ್ಗದ ವಸತಿಗೃಹದಲ್ಲಿ ಇಬ್ಬರಿಗೂ ಊಟ ಸೇರಲಿಲ್ಲ. ಗೂಡು ಒಡೆಯಲು ಇನ್ನೂ ಎರಡು ಮೂರು ದಿನ ಬೇಕಾದರೆ ಶಿವಪ್ಪ ಕಾಯುವುದಿಲ್ಲ ಎಂದು ಎಸ್ತರ್ ಮತ್ತೆ ಮತ್ತೆ ಅಂದರು. ಬೆಳಿಗ್ಗೆ ಮೊದಲ ಬಸ್ಸನ್ನೇ ಹಿಡಿದೆವು.

ಸಾಲಹಳ್ಳಿಯ ನಿಲ್ದಾಣದಲ್ಲೇ ಗಂಗವ್ವ ಕಂಡಳು. ಸುತ್ತ ಹತ್ತಾರು ಹೆಂಗಸರು. ನಾವು ಇಳಿಯುವ ಮೊದಲೇ ಬಾಟಲಿಯನ್ನು ಕಿಟಕಿಯ ಎತ್ತರಕ್ಕೆ ಹಿಡಿದಳು.

“ಬಂದಾವ್ರಿ,” ಎಂದಳು.

ಒಳಗೆ ಎಳ್ಳಿಗಿಂತ ಚಿಕ್ಕ ಕಪ್ಪು ಕಣಜಗಳು ಗಾಜಿನ ಮೇಲೆ ಸರಸರ ಓಡುತ್ತಿದ್ದವು. ಒಂದೊಂದು ಬಿಳಿ ಗೂಡಿಗೂ ತುದಿಯಲ್ಲಿ ಗುಂಡನೆಯ ಬಾಗಿಲು ಕೊರೆದಂತಿತ್ತು. ಡ್ರೈವರ್ ಬಸ್ ನಿಲ್ಲಿಸಿಕೊಂಡೇ ಇಣುಕಿ ನೋಡಿದ. ಎಸ್ತರ್ ಗಂಗವ್ವನನ್ನು ತಬ್ಬಿಕೊಂಡು ತಮ್ಮ ಭಾಷೆಯಲ್ಲಿ ಏನೋ ಅಂದರು. ಅದನ್ನು ಕನ್ನಡಕ್ಕೆ ಮಾಡೆಂದು ಯಾರೂ ನನಗೆ ಹೇಳಲಿಲ್ಲ. ಮಕ್ಕಳಿಗೆ ಚಿತ್ರದಲ್ಲಿ ತೋರಿಸಿದ್ದ ಜೀವಿಯನ್ನು ಕಣ್ಣಾರೆ ನೋಡುತ್ತಾ ನಾನು ಬಸ್ಸಿನ ಮೆಟ್ಟಿಲ ಮೇಲೇ ನಿಂತುಬಿಟ್ಟಿದ್ದೆ.

ಹೊಲಕ್ಕೆ ಹೋದಾಗ ಶಿವಪ್ಪ ಆಗಲೇ ಸಾಲುಗಳ ನಡುವೆ ಇದ್ದ, ಪಂಪು ಇಲ್ಲದೆ. ಒಂದೊಂದೇ ಸುಳಿ ಬಿಡಿಸುತ್ತ, ಇಲ್ಲೂ ಅದಾವ, ಇಲ್ಲೂ ಅದಾವ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ನಾವೂ ಇಳಿದೆವು. ಹಳೆಯ ಎಲೆಗಳು ತೂತು ಬಿದ್ದಿದ್ದವು, ಹೊಸ ಎಲೆಗಳಲ್ಲಿ ಹೆಚ್ಚು ಕಡಿಮೆ ತೂತಿರಲಿಲ್ಲ. ಜೀವಂತ ಹುಳು ಸಿಕ್ಕದ್ದು ಕೆಲವೇ ಗಿಡಗಳಲ್ಲಿ. ಹುಳು ಸಾಯುವಂತೆ ಅಂಥ ಸುಳಿಗೆ ಒಂದು ಚಿಟಿಕೆ ಒಣ ಮಣ್ಣು ಹಾಕುವುದನ್ನು ಎಸ್ತರ್ ತೋರಿಸಿದರು. ಅವರಿಗೆ ಅದನ್ನು ಕಲಿಸಿದ್ದು ಅವರ ಅಮ್ಮ. ಎಣ್ಣಿ ಬೇಡ, ವಾರಕ್ಕೆರಡು ಸಲ ಹೊಲ ತಿರುಗಿ ನೋಡೋಣ ಎಂದು ಅತ್ತಿಗೆ ಮೈದುನ ಇಬ್ಬರೂ ಒಪ್ಪಿದರು. ಗಂಗವ್ವ ಬಾಟಲಿಯ ಬಟ್ಟೆ ಬಿಚ್ಚಿ ಬೆಳೆಯ ನಡುವೆ ಓರೆಯಾಗಿ ಹಿಡಿದಳು. ಕಣಜಗಳು ಯಾವ ಕಡೆ ಹಾರಿದವೋ ಕಾಣಲಿಲ್ಲ.

ಎಸ್ತರ್ ಅವಳ ಮಾತುಗಳನ್ನು ಬರೆದುಕೊಂಡರು, ಗೂಡುಗಳ ಫೋಟೋ ತೆಗೆದರು. ಕೀನ್ಯಾದ ಹೆಂಗಸರಿಗೂ ಇವು ತತ್ತಿಯಂತೆಯೇ ಕಾಣಬಹುದು, ಗಂಗವ್ವನ ಹೆಸರು ಹೇಳಿಯೇ ತಿಳಿಸುತ್ತೇನೆ ಎಂದರು. ಗಂಗವ್ವ ಸೆರಗು ಸರಿಮಾಡಿಕೊಂಡು, ಹಂಗಾದ್ರ ಇನ್ನೊಂದು ಫೋಟೋ ಚಲೋ ತೆಗೀರಿ ಎಂದಳು.

ಮಧ್ಯಾಹ್ನದ ಬಸ್ಸಿಗೆ ನಾವು ಹೊರಟೆವು. ಹೊಲದ ತಿರುವಿನಲ್ಲಿ ಎಸ್ತರ್ ಕಿಟಕಿಯಿಂದ ಕೈಬೀಸಿದರು. ಅವರನ್ನು ಯಾರೂ ನೋಡಲಿಲ್ಲ. ಗಂಗವ್ವ ಬಗ್ಗಿ ಸುಳಿ ಬಿಡಿಸುತ್ತಿದ್ದಳು. ಅವಳ ಹಿಂದೆ ಊರ ಹೆಂಗಸರು ಸಾಲುಸಾಲಾಗಿ ಬಗ್ಗಿ, ಎಲೆ ಸರಿಸಿ ನೋಡುತ್ತಿದ್ದರು.